ಒಂದೇ ಥರದ ಎರಡು ಕರಡಿಗೆ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಇಂಥ ಸಂಗತಿಗಳನ್ನು ಹೇಳಿಕೊಂಡು ಬಂದವರನ್ನು ಎದುರಿಗೇ ನಕ್ಕು ಕಳಿಸಿದವನು ನಾನು. ಹೊಲದ ಬದುವಿನ ಮೇಲೆ ಬಿಳಿ ಸೀರೆ ಕಂಡವರು, ಸತ್ತ ಅಜ್ಜನ ಕೆಮ್ಮು ಕೇಳಿದವರು, ಎಲ್ಲರಿಗೂ ನನ್ನ ಹತ್ತಿರ ಒಂದೇ ಔಷಧ ಇತ್ತು. "ರಾತ್ರಿ ಹೊಟ್ಟಿ ಬಿರಿಯೂಹಂಗ ಉಣಬ್ಯಾಡ್ರಿ" ಎನ್ನುತ್ತಿದ್ದೆ. ಈಗ ಅವರಲ್ಲಿ ಯಾರಾದರೂ ಇದನ್ನು ಓದಿ ನಕ್ಕರೆ ನನ್ನ ತಕರಾರಿಲ್ಲ.

ಗದಗಿನಲ್ಲಿ ನನ್ನದೊಂದು ಸಣ್ಣ ಪ್ರೆಸ್ಸು ಇದೆ, ಮನೆ ಬೆಟಗೇರಿಯಲ್ಲಿ. ಲಗ್ನಪತ್ರಿಕೆ, ಬಿಲ್ ಬುಕ್ಕು, ವರ್ಷದ ಕೊನೆಗೆ ಅಂಗಡಿಗಳವರ ಕ್ಯಾಲೆಂಡರು, ಇದೇ ಹೊಟ್ಟೆಪಾಡು. ಮುಂಡರಗಿಯ ಬಟ್ಟೆ ವ್ಯಾಪಾರಿಯೊಬ್ಬ ಒಮ್ಮೆ ದಿನಕ್ಕೊಂದು ಹಾಳೆ ಹರಿಯುವಂಥ ಕ್ಯಾಲೆಂಡರು ಬೇಕೆಂದ. ಪ್ರತಿ ಹಾಳೆಯ ಕೆಳಗೆ ಬದುಕಿಗೆ ಬೇಕಾಗುವ ಒಂದು ಒಳ್ಳೆಯ ಮಾತು ಇರಬೇಕೆಂದ. ಬರೆಯುವವರನ್ನು ಎಲ್ಲಿ ಹುಡುಕಲಿ ಎಂದು ನಾನೇ ಕೂತು ಬರೆದೆ. ಜನಕ್ಕೆ ಹಿಡಿಸಿತು. ಮರುವರ್ಷ ಇನ್ನಿಬ್ಬರು ಕೇಳಿದರು. ಹೀಗೆ ಯಾರೂ ನೇಮಿಸದೆ ನಾನೊಬ್ಬ ಉಪದೇಶಕನಾಗಿಬಿಟ್ಟೆ. ಬೆಟಗೇರಿಯ ಶಿವಾನುಭವ ಗೋಷ್ಠಿಗಳಲ್ಲಿ ನನ್ನನ್ನು ಮಾತಿಗೆ ಕರೆಯತೊಡಗಿದರು. ಅಂತರಂಗದ ಬೆಳವಣಿಗೆ, ಮನಸ್ಸಿನ ಶಾಂತಿ, ಭಯವನ್ನು ಗೆಲ್ಲುವುದು ಹೇಗೆ, ಯಾವ ವಿಷಯ ಕೊಟ್ಟರೂ ಅರ್ಧ ತಾಸು ಮಾತಾಡಬಲ್ಲೆ. "ಭಯಕ್ಕೆ ಕುರ್ಚಿ ಹಾಕುವವರು ನಾವೇ, ನಿಲ್ಲಿಸಿ ಮಾತಾಡಿಸಿದರೆ ಅದು ತಾನಾಗಿ ಹೊರಟುಹೋಗುತ್ತದೆ" ಎಂಬುದು ಆಗಸ್ಟ್ ತಿಂಗಳಿನ ಒಂದು ಹಾಳೆಯ ಮಾತು. ಅದಕ್ಕೆ ಚಪ್ಪಾಳೆ ಗ್ಯಾರಂಟಿ ಇತ್ತು.

ಇನ್ನು ನನ್ನ ಸ್ವಂತ ಆಚರಣೆಯ ಮಾತಿಗೆ ಬಂದರೆ, ಪುರಾಣ ಹೇಳೋಕೆ ಬದನೆಕಾಯಿ ತಿನ್ನೋಕೆ ಎನ್ನುತ್ತಾರಲ್ಲ, ಅದೇ. ನಾವು ಲಿಂಗವಂತರು. ಎಂಟನೆಯ ವರ್ಷಕ್ಕೆ ಗುರು ಕಟ್ಟಿದ ಇಷ್ಟಲಿಂಗ ಬೆಳ್ಳಿಯ ಕರಡಿಗೆಯಲ್ಲಿ ಕೂತು ನನ್ನ ಎದೆಯ ಮೇಲೆ ಇತ್ತು. ಕಿಸೆಯಲ್ಲಿ ಪೆನ್ನು ಇದ್ದಂತೆ ಇತ್ತು ಎನ್ನಿ. ದಿನಾ ಜಳಕವಾದ ಮೇಲೆ ಕರಡಿಗೆಯನ್ನು ಕಣ್ಣಿಗೆ ಒತ್ತಿಕೊಂಡರೆ ಪೂಜೆ ಮುಗಿಯಿತು. ಮುಚ್ಚಳ ತೆಗೆದು ಲಿಂಗವನ್ನು ಅಂಗೈಗೆ ಇಟ್ಟುಕೊಂಡು ತಿಂಗಳುಗಟ್ಟಲೆ ಆಗಿರುತ್ತಿತ್ತು. ಇದನ್ನು ಗೋಷ್ಠಿಯಲ್ಲಿ ಯಾರಿಗೂ ಹೇಳಿರಲಿಲ್ಲ.

ನನ್ನ ಅಣ್ಣ ಇದಕ್ಕೆ ತದ್ವಿರುದ್ಧ. ನನಗಿಂತ ಎರಡು ವರ್ಷ ದೊಡ್ಡವನು. ಲಕ್ಷ್ಮೇಶ್ವರದಲ್ಲಿ ಕಾಳುಕಡಿಯ ಅಂಗಡಿ ಇಟ್ಟಿದ್ದ. ನಸುಕಿನಲ್ಲೇ ಎದ್ದು ಜಳಕ ಮಾಡಿ, ಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡು ಮುಕ್ಕಾಲು ತಾಸು ಅಲುಗಾಡದೆ ಕೂಡುತ್ತಿದ್ದ. ಉಪದೇಶ ಎಂದೂ ಮಾಡಿದವನಲ್ಲ. ನನ್ನ ಕ್ಯಾಲೆಂಡರನ್ನು ಅಂಗಡಿಯಲ್ಲಿ ತೂಗುಹಾಕಿ ದಿನಾ ಓದುತ್ತಿದ್ದ. ಒಂದೇ ಒಂದು ಸಲ ಹೇಳಿದ್ದ: "ಛಲೋ ಬರೀತಿ. ಬರದದ್ರಾಗ ಒಂದರ ಮಾಡಿ ನೋಡು." ನನಗೆ ಸಿಟ್ಟು ಬಂದಿತ್ತು. ಎಂಟು ದಿನ ಫೋನು ಮಾಡಲಿಲ್ಲ.

ನಮ್ಮಿಬ್ಬರ ದೀಕ್ಷೆಯೂ ಒಂದೇ ದಿನ ಆಗಿತ್ತು. ಆಗ ಅಜ್ಜ ಮನೆಯ ಹಳೆಯ ಬೆಳ್ಳಿ ತಟ್ಟೆ ಕರಗಿಸಿ ಒಬ್ಬನೇ ಪತ್ತಾರನ ಹತ್ತಿರ ಎರಡು ಕರಡಿಗೆ ಮಾಡಿಸಿದ್ದ. ಒಂದಕ್ಕೊಂದು ಕೂದಲಷ್ಟೂ ಫರಕು ಇರಲಿಲ್ಲ. ಬದಲಾದಾವು, ಗುರುತು ಹಾಕಿಸಿರಿ ಎಂದು ಅವ್ವ ಹೇಳಿದಾಗ ಅಜ್ಜ ಅವಳನ್ನು ಗದರಿಸಿದ್ದು ನನಗೆ ನೆನಪಿದೆ. "ತನ್ನ ಲಿಂಗ ತನಗ ಗೊತ್ತಾಗದವ ಎಂಥಾ ಮನಷ್ಯಾ ಅವ?"

ಆರೇಳು ವರ್ಷದ ಹಿಂದಿನ ಮಾತು. ಅಣ್ಣ ಅಂಗಡಿಯಲ್ಲೇ ಕುಸಿದು ಬಿದ್ದ. ಗದಗಿಗೆ ತಂದು ದವಾಖಾನೆಗೆ ಸೇರಿಸಿದೆವು. ತಲೆಯ ಸ್ಕ್ಯಾನು ಆಗಬೇಕೆಂದರು. ಅವನು ಅರೆಎಚ್ಚರದಲ್ಲಿ ಕೈಕಾಲು ಬಡಿಯುತ್ತಿದ್ದ. ಹಿಡಿದುಕೊಳ್ಳಲು ಒಬ್ಬರು ಜೊತೆಗೆ ಒಳಗಿರಲಿ, ಆದರೆ ಇಬ್ಬರ ಮೈಮೇಲೂ ಲೋಹದ ಚೂರೂ ಇರಬಾರದು ಎಂದರು. ಅವನ ಕೊರಳಿನದನ್ನು ಬಿಚ್ಚಿದೆ, ನನ್ನದನ್ನೂ ಬಿಚ್ಚಿದೆ, ಎರಡನ್ನೂ ಒಂದೇ ಕರವಸ್ತ್ರದಲ್ಲಿ ಸುತ್ತಿ ಹೊರಗೆ ನನ್ನ ಚೀಲದಲ್ಲಿ ಇಟ್ಟೆ. ಹೊರಗೆ ಬಂದ ಮೇಲೆ ಬಿಚ್ಚಿ ನೋಡಿದರೆ ದಾರ ದಾರಕ್ಕೆ ತೊಡಕಿಕೊಂಡಿತ್ತು. ಬಿಡಿಸಿ, ಒಂದನ್ನು ಅವನ ಕೊರಳಿಗೆ ಹಾಕಿದೆ, ಒಂದನ್ನು ನಾನು ಹಾಕಿಕೊಂಡೆ. ಯಾವುದು ಯಾರದು ಎಂಬ ಅನುಮಾನ ಆಗ ಬರಲೇ ಇಲ್ಲವೆಂದು ಸುಳ್ಳು ಹೇಳಲಾರೆ. ಬಂದಿತ್ತು. ಯಾವುದಾದರೇನು, ಎರಡೂ ಶಿವನೇ ಅಲ್ಲವೇ ಎಂದುಕೊಂಡೆ. ಇಂಥ ಕ್ಯಾಲೆಂಡರಿನ ಮಾತು ನನಗೆ ಬಹಳ ಬೇಗ ಹೊಳೆಯುತ್ತದೆ.

ಮೂರನೆಯ ದಿನ ಅಣ್ಣ ಹೋದ.

ಲಕ್ಷ್ಮೇಶ್ವರದ ಹೊರಗೆ ಶಿರಹಟ್ಟಿ ದಾರಿಗೆ ಇರುವ ನಮ್ಮ ಹೊಲದಲ್ಲೇ ಮಣ್ಣು ಕೊಟ್ಟೆವು. ನಮ್ಮಲ್ಲಿ ಸುಡುವುದಿಲ್ಲ. ಗುಣಿ ತೋಡಿ, ಪೂಜೆಗೆ ಕೂತ ಹಾಗೆ ಕೂಡಿಸಿ, ಅವರ ಲಿಂಗವನ್ನು ಅವರ ಎಡ ಅಂಗೈಯಲ್ಲಿಟ್ಟು, ವಿಭೂತಿ, ಬಿಲ್ವಪತ್ರಿ, ಉಪ್ಪು ಹಾಕಿ ಮುಚ್ಚುತ್ತೇವೆ. ನಮ್ಮ ಮನೆತನಕ್ಕೆ ಇದನ್ನೆಲ್ಲ ಮಾಡಿಸುವವರು ಶಿರಹಟ್ಟಿಯ ಗುರುಪಾದಯ್ಯ. ಅವರು ಗುಣಿಯೊಳಗೆ ಇಳಿದು ನಿಂತರು. ನಾನು ಮೇಲಿನಿಂದ ಬಗ್ಗಿ, ಅಣ್ಣನ ಕರಡಿಗೆ ತೆಗೆದು, ಒಳಗಿನ ಲಿಂಗವನ್ನು ಅವರ ಕೈಗೆ ಕೊಟ್ಟೆ. ಅವರು ಅದನ್ನು ಅಣ್ಣನ ಅಂಗೈಯಲ್ಲಿಟ್ಟು ಬೆರಳು ಮಡಿಸಿದರು. ಖಾಲಿ ಕರಡಿಗೆಯನ್ನು ತಂದು ವೈನಿಯ ಕೈಗೆ ಕೊಟ್ಟೆ. ಅಣ್ಣನ ಹೆಂಡತಿಗೆ ನಮ್ಮ ಕಡೆ ವೈನಿ ಅನ್ನುತ್ತೇವೆ. ಅವರು ಹೆಂಗಸರ ನಡುವೆ ದೂರ ಕೂತಿದ್ದರು. ಮೋಡ ಕವಿದಿತ್ತು.

ಬೇರೆಯವರಿಗೆ ಒಂದು ಮಾತು ಹೇಳಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಇಷ್ಟಲಿಂಗವೆಂದರೆ ನಮ್ಮವರಿಗೆ ಕೊರಳಿಗೆ ಹಾಕಿಕೊಂಡ ದೇವರ ಮೂರ್ತಿ ಮಾತ್ರ ಅಲ್ಲ. ನಿನ್ನ ಒಳಗಿನ ಪ್ರಾಣವನ್ನೇ ಹೊರಗೆ ತೆಗೆದು ಗುರು ನಿನ್ನ ಅಂಗೈಗೆ ಕೊಟ್ಟಿದ್ದಾನೆ ಎಂದು ಲೆಕ್ಕ. ಅದು ಕಳೆದರೆ ಹಿಂದಿನವರು ಸಿಗುವ ತನಕ ಅನ್ನ ಮುಟ್ಟುತ್ತಿರಲಿಲ್ಲ. ಇದನ್ನೂ ನಾನು ಗೋಷ್ಠಿಯಲ್ಲಿ ಬಹಳ ಚೆನ್ನಾಗಿ ವಿವರಿಸುತ್ತಿದ್ದೆ.

ಬೆಟಗೇರಿಗೆ ಮರಳಿದ ಎರಡು ದಿನಕ್ಕೆ ಶುರುವಾಯಿತು. ಪ್ರೆಸ್ಸಿನಲ್ಲಿ ಕಾಗದದ ಅಂಚು ಸರಿಮಾಡುತ್ತ ನಿಂತಿದ್ದೆ, ಎಡಗೈ ತಣ್ಣಗಾಯಿತು. ಜೋಮು ಹಿಡಿದದ್ದಲ್ಲ. ಚುಚ್ಚಿದರೆ ನೋವಾಗುತ್ತಿತ್ತು, ಬಲಗೈ ಬೆಚ್ಚಗೇ ಇತ್ತು. ಎಡದ ಅಂಗೈ ಮಾತ್ರ ಬಾವಿಯ ನೀರಿನಲ್ಲಿ ಅದ್ದಿ ತೆಗೆದಂತೆ. ಬೆರಳುಗಳು ತಾವಾಗಿ ಒಳಗೆ ಮಡಿಚಿಕೊಳ್ಳುತ್ತಿದ್ದವು. ಮೊದಲು ದಿನಕ್ಕೊಮ್ಮೆ, ಆಮೇಲೆ ಮೂರು ಸಲ, ನಾಲ್ಕು ಸಲ. ಬೆಳಿಗ್ಗೆ ಏಳುವಾಗ ಮುಷ್ಟಿ ಬಿಗಿದೇ ಇರುತ್ತಿತ್ತು. "ಏನ್ ಹಿಡಕೊಂಡ ಮಲಗತೀರಿ? ಬೆರಳ ಬಿಡಸಾಕ ನನಗ ಎರಡೂ ಕೈ ಬೇಕಾಗತಾವ" ಎಂದು ನನ್ನ ಹೆಂಡತಿ ಮೊದಲು ನಕ್ಕಳು. ವಾರದ ಮೇಲೆ ನಗುವುದು ಬಿಟ್ಟಳು.

ಇನ್ನೊಂದು, ವಾಸನೆ. ನಲವತ್ತು ವರ್ಷದಿಂದ ನನ್ನ ಕೈಗೆ ಶಾಯಿ ಮತ್ತು ಸೀಮೆಎಣ್ಣೆಯ ವಾಸನೆ. ಈಗ ಎಡಗೈಗೆ ಹಸಿ ಎರೆಮಣ್ಣಿನ ವಾಸನೆ ಬರತೊಡಗಿತು. ಸಾಬೂನು ಹಚ್ಚಿ ತಿಕ್ಕಿ ತಿಕ್ಕಿ ತೊಳೆದೆ. ಡಾಕ್ಟರು ಸಕ್ಕರೆ ನೋಡಿದರು, ನರ ನೋಡಿದರು, ಎಲ್ಲ ಸರಿಯಿದೆ, ಅಣ್ಣ ಹೋದ ದುಃಖ ಇರಬೇಕು ಎಂದರು. ನಾನೂ ಹಾಗೇ ನಂಬಿದೆ. ದುಃಖದ ಬಗ್ಗೆ ನಾಲ್ಕು ಹಾಳೆಗೆ ಆಗುವಷ್ಟು ಮಾತೂ ಬರೆದೆ. ಓದುವವರು ಇಲ್ಲಿ ಒಂದು ಸಂಗತಿ ಗಮನಿಸಬೇಕು: ಆಗ ನನಗೆ ಇನ್ನೂ ಏನೂ ಗೊತ್ತಿರಲಿಲ್ಲ. ಗೊತ್ತಾದ ಮೇಲೆ ಕೈ ತಣ್ಣಗಾಗಿದ್ದರೆ ಮನಸ್ಸಿನ ಆಟ ಎಂದು ನಾನೇ ಹೇಳುತ್ತಿದ್ದೆ.

ಎರಡು ತಿಂಗಳ ಮೇಲೆ ಒಂದು ಸೋಮವಾರ ವೈನಿಯನ್ನು ನೋಡಲು ಲಕ್ಷ್ಮೇಶ್ವರಕ್ಕೆ ಹೋದೆ. ಮುಟ್ಟಿದಾಗ ಮಧ್ಯಾಹ್ನ. "ಪೂಜಾ ಮಾಡ್ಕೋರಿ ತಮ್ಮಾ, ಅಷ್ಟ್ರಾಗ ರೊಟ್ಟಿ ಆಗತಾವ" ಎಂದರು. ದೇವರ ಕೋಣೆಯಲ್ಲಿ ಅಣ್ಣನ ಮಣೆ ಹಾಕಿ, ತಂಬಿಗೆಯಲ್ಲಿ ನೀರು, ವಿಭೂತಿ, ಪತ್ರಿ ಎಲ್ಲ ಜೋಡಿಸಿ ಇಟ್ಟಿದ್ದರು. ಬೇರೆ ಕಡೆಯಾಗಿದ್ದರೆ ಕರಡಿಗೆ ಕಣ್ಣಿಗೊತ್ತಿಕೊಂಡು ಎದ್ದುಬಿಡುತ್ತಿದ್ದೆ. ಅಣ್ಣ ಮೂವತ್ತು ವರ್ಷ ಕೂತ ಜಾಗದಲ್ಲಿ ಆ ಮೋಸ ಮಾಡಲು ನಾಚಿಕೆಯಾಯಿತು. ಮುಚ್ಚಳ ತೆಗೆದೆ.

ಒಳಗೆ ಬಿಳಿಯ ವಸ್ತ್ರ ಮಡಿಕೆ ಕೆಡದೆ ಕೂತಿತ್ತು. ವಿಭೂತಿಯ ಘಮ ಬಂತು. ಅದನ್ನು ನೋಡಿಯೇ ನನಗೆ ತಿಳಿಯಬೇಕಾಗಿತ್ತು. ಹೆಂಡತಿ ಯಾವಾಗಲೋ ಒಗೆದು ಇಟ್ಟಿರಬೇಕು ಎಂದುಕೊಂಡೆ. ಲಿಂಗವನ್ನು ಅಂಗೈಗೆ ತೆಗೆದುಕೊಳ್ಳುವುದಕ್ಕೂ ವೈನಿ ಹೂವು ಹಿಡಿದು ಬರುವುದಕ್ಕೂ ಸರಿಹೋಯಿತು. ಅವರು ಬಗ್ಗಿದವರು ಹಾಗೇ ನಿಂತುಬಿಟ್ಟರು. ನನ್ನ ಅಂಗೈಯನ್ನೇ ನೋಡುತ್ತಿದ್ದರು.

"ಇದು ಅವರದು" ಎಂದರು.

ನನಗೆ ಅರ್ಥವಾಗಲಿಲ್ಲ. ಅವರು ಬೆರಳು ತೋರಿಸಿದರು. ಲಿಂಗದ ಕಂತಿ, ಅಂದರೆ ಮೇಲಿನ ಕಪ್ಪು ಲೇಪ, ಬುಡದ ಹತ್ತಿರ ಜೋಳದ ಕಾಳಿನಷ್ಟು ಮುಕ್ಕಾಗಿತ್ತು. "ಹೊಸ್ತಲಕ್ಕ ಬಡದ ಹಂಗಾಗಿತ್ತು. ಅವತ್ತ ಅವರು ಊಟಾನ ಮಾಡಲಿಲ್ಲ, ಸ್ವಾಮಿಗಳ ಹಂತ್ಯಾಕ ಹೋಗಿ ಕೇಳ್ಕೊಂಡ ಬಂದ ಮ್ಯಾಲ ನೀರ ಕುಡದ್ರು." ಆಮೇಲೆ ದನಿ ಇಳಿಸಿ ಹೇಳಿದರು: "ನೀವು ಗುಣಿಯಿಂದ ತಂದು ಕೊಟ್ಟ ಕರಡಿಗಿ ಒಳಗ ಕರ್ರಗ ಇತ್ತು. ವಸ್ತ್ರ ಮುಗ್ಗ ಹಿಡದಿತ್ತು. ವಾರಕ್ಕೊಮ್ಮಿ ನಾನ ತಿಕ್ಕತಿದ್ದೆ, ಹಿಂಗ್ಯಾಕಾತು, ದವಾಖಾನಿ ಹೊಲಸ ಇರಬೇಕು ಅನಕೊಂಡೆ."

"ಹಂಗಾದ್ರ ನಂದು?" ಎಂದು ಕೇಳಿದೆ. ಕೇಳಿದ ಮೇಲೆ ಎಂಥ ಪ್ರಶ್ನೆ ಕೇಳಿದೆ ಎಂದು ಗೊತ್ತಾಯಿತು. ನನ್ನದು ಅಣ್ಣನ ಅಂಗೈಯಲ್ಲಿ, ಮಣ್ಣಿನ ಕೆಳಗೆ ಇತ್ತು. ನನ್ನ ಎಡಗೈ ಆಗಲೇ ತಣ್ಣಗಾಗಿತ್ತು. ಎರಡು ತಿಂಗಳಿನ ಆ ಚಳಿ, ಬಿಗಿದ ಮುಷ್ಟಿ, ಮಣ್ಣಿನ ವಾಸನೆ ಎಲ್ಲ ಒಟ್ಟಿಗೆ ನೆನಪಾದವು. ಅಂಜಿ, ಲಿಂಗವನ್ನು ಕರಡಿಗೆಯಲ್ಲಿಟ್ಟು ಮುಚ್ಚಲು ಹೋದೆ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ.

ವೈನಿ ನನಗಿಂತ ಗಟ್ಟಿ. "ತಗದ ಲಿಂಗ ಪೂಜಾ ಇಲ್ಲದ ಒಳಗ ಇಡಬಾರದು. ಎರಡ ತಿಂಗಳಾತು ಅದಕ್ಕ ನೀರ ಇಲ್ಲ. ಮೊದಲ ಪೂಜಾ ಮುಗಸ್ರಿ. ಆಮ್ಯಾಲ ಅಳೂದು ಅಂಜೂದು" ಎಂದು ಹೇಳಿ ಅಡಿಗೆಮನೆಗೆ ಹೋದರು.

ನೀರು ಹಾಕಿದೆ, ವಿಭೂತಿ ಧರಿಸಿದೆ, ಪತ್ರಿ ಏರಿಸಿದೆ. ಅಂಗೈಯನ್ನು ಎದೆಯ ಮಟ್ಟಕ್ಕೆ ಹಿಡಿದು ಲಿಂಗವನ್ನೇ ನೋಡುತ್ತ ಕೂತೆ. ತಪ್ಪಾಯಿತು ಎಂದು ಅಣ್ಣನಿಗೆ ಹೇಳಬೇಕೆಂದಿದ್ದೆ. ಕಿಟಕಿಯಿಂದ ಬಿಸಿಲು ಬರುತ್ತಿತ್ತು. ಕಪ್ಪು ಕಂತಿಯ ಮೇಲೆ ಕಿಟಕಿಯ ಸರಳುಗಳು ಸಣ್ಣದಾಗಿ ಕಾಣುತ್ತಿದ್ದವು. ಒಳಗಿನಿಂದ ವೈನಿ ರೊಟ್ಟಿ ಬಡಿಯುವ ಸದ್ದು ಕೇಳುತ್ತಿತ್ತು. ರಾತ್ರಿಯಲ್ಲ, ಒಂಟಿ ಮನೆಯಲ್ಲ, ಓಣಿಯಲ್ಲಿ ಯಾರೋ ಎಮ್ಮೆಯನ್ನು ಬೈಯುತ್ತ ಹೊಡೆದುಕೊಂಡು ಹೋಗುತ್ತಿದ್ದರು.

ಮೊದಲು ಹೋದದ್ದು ಬೆಳಕು. ಕಣ್ಣು ತೆರೆದೇ ಇತ್ತು, ಅದು ಖಂಡಿತ. ನೋಡಲು ಎದುರಿಗೆ ಏನೂ ಇರಲಿಲ್ಲ. ತಟ್ಟೆಯಲ್ಲಿದ್ದ ಪತ್ರಿಗಿಂತ ಹೆಚ್ಚು ಪತ್ರಿಯ ವಾಸನೆ ಮೂಗಿಗೆ ಬಡಿಯಿತು. ತೊಡೆಯ ಸುತ್ತ, ಸೊಂಟದ ಸುತ್ತ ಕಾಳಿನ ಚೀಲ ಒತ್ತಿ ಇಟ್ಟಂತೆ ಭಾರ. ಯಾರದೋ ಒರಟು ಕೈ ನನ್ನ ಎಡಗೈಯನ್ನು ಹಿಡಿದು, ಒಂದೊಂದೇ ಬೆರಳನ್ನು ಮಡಿಸಿತು. ನಾನು ಎಳೆದುಕೊಳ್ಳಬೇಕೆಂದೆ, ಕೈ ನನ್ನ ಮಾತು ಕೇಳಲಿಲ್ಲ. ಆ ಮನುಷ್ಯ ನನ್ನ ಬಲಗಿವಿಯ ಹತ್ತಿರ ಬಾಯಿ ತಂದ. ಅವನ ಉಸಿರು ತಾಗಿತು. ಬಹಳ ಮೆತ್ತಗೆ, ಮಗುವಿಗೆ ಹೇಳುವ ಹಾಗೆ ಹೇಳಿದ: "ಒಬ್ಬನ ಅದೀನಂತ ತಿಳ್ಕೋಬ್ಯಾಡ. ನಾನೂ ಬರಾವನ."

ಆಮೇಲೆ ಅವನು ಮೇಲೆ ಹತ್ತಿ ಹೋದ. ಮಣ್ಣು ಜರಿದ ಸದ್ದಾಯಿತು. ಮೇಲಿನಿಂದ, ಬಹಳ ಎತ್ತರದಿಂದ, ಇನ್ನೊಂದು ದನಿ ಕೇಳಿತು. "ಜಲ್ದಿ ಮುಗಸ್ರಿ, ಮಳಿ ಬಂದೀತು." ಅದು ನನ್ನದೇ ದನಿ. ಹೇಳಿದ ಟೈಮಿಗೆ ಕೆಲಸ ಮುಗಿಯದಿದ್ದರೆ ಪ್ರೆಸ್ಸಿನ ಹುಡುಗರ ಮೇಲೆ ಹಾಯುವ ದನಿ. ಹಾಗೆ ಹೇಳಿದ್ದು ನನಗೆ ಪೂರ್ತಿ ಮರೆತುಹೋಗಿತ್ತು. ಕೇಳಿದ ಕೂಡಲೇ ನೆನಪಾಯಿತು. ಹೌದು, ಗುಣಿಯ ದಂಡೆಯ ಮೇಲೆ ನಿಂತು, ಮೋಡ ನೋಡಿ, ಒಡಹುಟ್ಟಿದವನ ಮೇಲೆ ಮಣ್ಣು ಹಾಕಲು ಅವಸರ ಮಾಡಿದ್ದೆ. ಕೆಳಗೆ ಕೂತು ಅದನ್ನು ಕೇಳುವುದು ಹೇಗಿರುತ್ತದೆಂದು ಈಗ ಗೊತ್ತಾಯಿತು.

ಮಣ್ಣು ಬೀಳತೊಡಗಿತು. ತಪ್, ತಪ್. ಪ್ರತಿ ಸಲಕ್ಕೂ ಹೆಗಲು ಕುಗ್ಗುತ್ತಿತ್ತು. ತುಟಿಯ ಮೇಲೆ ಉಪ್ಪು. ಕೂಗಲು ಬಾಯಿ ಇರಲಿಲ್ಲ. ಅಂಥ ಹೊತ್ತಿನಲ್ಲಿ ನನ್ನ ಎಡಗೈಯ ಹೆಬ್ಬೆರಳು ಒಂದಿಷ್ಟು ಅಲುಗಿ, ಮುಷ್ಟಿಯೊಳಗಿದ್ದ ಲಿಂಗದ ಬುಡವನ್ನು ಸುತ್ತಲೂ ಸವರಿತು. ಎಲ್ಲಿಯೂ ಮುಕ್ಕಾಗಿರಲಿಲ್ಲ. ನುಣ್ಣಗಿತ್ತು.

ಮುಖಕ್ಕೆ ನೀರು ಬಿದ್ದು ಎಚ್ಚರವಾಯಿತು. ವೈನಿ ತಂಬಿಗೆ ಹಿಡಿದು ನಿಂತಿದ್ದರು. ನಾನು ಒರಗಿರಲಿಲ್ಲ, ಬಿದ್ದಿರಲಿಲ್ಲ. ನೆಟ್ಟಗೆ ಕೂತಿದ್ದೆನಂತೆ, ಅಣ್ಣ ಕೂಡುತ್ತಿದ್ದ ಹಾಗೆ. ವೈನಿ ಬಾಗಿಲಲ್ಲಿ ನಿಂತು ಒಂದು ಕ್ಷಣ ಅಣ್ಣನೇ ಎಂದುಕೊಂಡರಂತೆ. "ಆಮ್ಯಾಲ ಎದಿ ನೋಡಿದೆ. ಉಸರ ಆಡತಿರಲಿಲ್ಲ ತಮ್ಮಾ" ಎಂದರು. ಎಷ್ಟು ಹೊತ್ತು ಆಗಿತ್ತೆಂದು ಕೇಳಿದೆ. ಮೂರು ರೊಟ್ಟಿ ಬಡಿಯುವಷ್ಟು ಹೊತ್ತು ಎಂದರು. ನನಗೆ ಅದು ಒಂದು ಇಡೀ ಮಳೆಗಾಲದಷ್ಟಾಗಿತ್ತು. ಲಿಂಗ ಅಂಗೈಯಲ್ಲೇ ಇತ್ತು, ಮುಕ್ಕು ಎದುರಿಗೇ ಕಾಣುತ್ತಿತ್ತು.

ಅಂದು ಸಂಜೆ ನಾನು ಬುದ್ಧಿವಂತನ ಹಾಗೆ ಯೋಚಿಸಲು ಪ್ರಯತ್ನಪಟ್ಟೆ. ರೊಟ್ಟಿಯ ಸದ್ದೇ ಮಣ್ಣಿನ ಸದ್ದಾಗಿರಬೇಕು. ಉಪ್ಪು ನನ್ನದೇ ಬೆವರು. ಅವಸರದ ಆ ಮಾತು ನನ್ನ ಮನಸ್ಸಿನಲ್ಲಿ ಎಲ್ಲೋ ಅವಿತಿದ್ದು ಎದ್ದಿರಬೇಕು. ಎಲ್ಲಕ್ಕೂ ಒಂದೊಂದು ಕಾರಣ ಸಿಕ್ಕಿತು. ಕಿವಿಯಲ್ಲಿ ಹೇಳಿದ ಮಾತಿಗೆ ಮಾತ್ರ ಸಿಗಲಿಲ್ಲ. ಅದನ್ನು ನಾನು ಹೇಳಿರಲಿಲ್ಲ, ಕೇಳಿರಲಿಲ್ಲ, ಓದಿರಲೂ ಇಲ್ಲ.

ಮರುದಿನ ಶಿರಹಟ್ಟಿಗೆ ಹೋದೆ. ಗುರುಪಾದಯ್ಯನವರು ಕಟ್ಟೆಯ ಮೇಲೆ ಕೂತು ಶೇಂಗಾ ಒಡೆಯುತ್ತಿದ್ದರು. ಲಿಂಗದ ಮಾತು ಎತ್ತದೆ, ಗುಣಿಯೊಳಗೆ ಅಣ್ಣನಿಗೆ ಏನಾದರೂ ಹೇಳಿದಿರಾ ಎಂದಷ್ಟೇ ಕೇಳಿದೆ. ಮಂತ್ರ ಹೇಳಿದೆ ಎಂದರು. ಮಂತ್ರ ಬಿಟ್ಟು? ಅವರು ಶೇಂಗಾ ಒಡೆಯುವುದನ್ನು ನಿಲ್ಲಿಸಿದರು. ಆಗ ನಾನು ಆ ಮಾತನ್ನು ಕೇಳಿದ ಹಾಗೇ ಹೇಳಿದೆ. ಅವರ ಮುಖ ಬಿಳಚಿಕೊಂಡಿತು.

"ಇದನ್ನ ನಿನಗ ಯಾರ ಹೇಳಿದ್ರು?" ಎಂದರು. "ನಮ್ಮಪ್ಪ ಕಲಿಸಿದ್ದು. ಶಾಸ್ತ್ರದಾಗ ಇಲ್ಲ. ಕುಂತಾವ ಅಂಜಬಾರದಂತ ಪ್ರತಿಯೊಬ್ಬರಿಗೂ ಹೇಳತೀನಿ. ತುಟಿ ಅಳಗಾಡಿಸೂದಿಲ್ಲ. ನನ್ನ ಮಗಗೂ ಇನ್ನಾ ಕಲಿಸಿಲ್ಲ."

ನಾನು ಎಲ್ಲವನ್ನೂ ಹೇಳಿದೆ. ಕರವಸ್ತ್ರ, ಕರಡಿಗೆ, ಕೈ, ವೈನಿ ಕಂಡುಹಿಡಿದದ್ದು, ಎಲ್ಲ. ನೂರಾರು ಜನರನ್ನು ಮಣ್ಣಿಗೆ ಕೂಡಿಸಿದ ಆ ಮುದುಕರು, ನಾನು ಮಾತಾಡುತ್ತಿದ್ದ ಹಾಗೆ, ಕಟ್ಟೆಯ ಮೇಲೆ ಒಂದೊಂದೇ ಗೇಣು ಹಿಂದೆ ಸರಿದರು. ನನ್ನನ್ನು ಕಂಡು ಅವರು ಹೆದರಿದ್ದರು. ಹಿಂದಿನ ದಿನದ ಯಾವುದೂ ನನ್ನನ್ನು ಅಷ್ಟು ಹೆದರಿಸಿರಲಿಲ್ಲ. ಗುಣಿ ತೆಗೆಯೋಣ, ಅವನದು ಅವನಿಗೆ ಕೊಟ್ಟು ನನ್ನದು ತೆಗೆದುಕೊಳ್ಳೋಣ ಎಂದೆ. ಅವರು, ಇದು ತಮಗೆ ತಿಳಿದ ಶಾಸ್ತ್ರದಲ್ಲಿ ಇಲ್ಲ, ಹೊಸ ಲಿಂಗ ಕಟ್ಟಲೂ ತಮಗೆ ಕೈ ಬಾರದು, ಆದರೆ ಅಣ್ಣನ ಹೆಂಡತಿ ಹೂಂ ಅಂದರೆ ಬಂದು ನಿಲ್ಲುತ್ತೇನೆ ಎಂದರು.

ಅಲ್ಲಿಂದ ಸೀದಾ ಲಕ್ಷ್ಮೇಶ್ವರಕ್ಕೆ ಬಂದೆ. ವೈನಿ ಒಪ್ಪಲಿಲ್ಲ. "ಒಮ್ಮಿ ಕುಂಡ್ರಿಸಿ ಬಂದೇವಿ. ಎಬ್ಬಸಬ್ಯಾಡ್ರಿ" ಎಂದರು. ನಾನು ಕೈಮುಗಿದೆ, ಅತ್ತೆ, ಕೊನೆಗೆ ರೇಗಿದೆ. ಸತ್ತವನದು ಏನು, ಬದುಕಿದವನ ಜೀವ ಹೋಗುತ್ತಿದೆ ಎಂದೆ. ಅವರು ಸಿಟ್ಟಾಗಲಿಲ್ಲ. ನನ್ನ ಎದುರಿಗೆ ಬಂದು ಕೂತರು.

"ಆತು. ನಿಮ್ಮ ಲಿಂಗ ಹೆಂಗಿತ್ತು ಹೇಳ್ರಿ. ಒಂದ ಗುರುತ ಹೇಳ್ರಿ ಸಾಕು. ನಾನ ಸಲಿಕಿ ಹಿಡದ ಅಗೀತೀನಿ."

ನಾನು ಬಾಯಿ ತೆರೆದೆ. ಸುಮಾರು ಐವತ್ತು ವರ್ಷ ಎದೆಯ ಮೇಲೆ ಹೊತ್ತದ್ದು. ದೊಡ್ಡದಿತ್ತೋ ಸಣ್ಣದಿತ್ತೋ, ಮಿನುಗುತ್ತಿತ್ತೋ ಮಂಕಾಗಿತ್ತೋ, ಏನೂ ನೆನಪಿಗೆ ಬರಲಿಲ್ಲ. ಗುಣಿಯಲ್ಲಿ ಗುರುಪಾದಯ್ಯನವರ ಕೈಗೆ ನಾನೇ ಕೊಟ್ಟದ್ದು ಅದನ್ನೇ, ಆಗಲೂ ಮೋಡ ನೋಡುತ್ತಿದ್ದೆ. ನುಣ್ಣಗಿತ್ತು ಎಂದು ಹೇಳಲು ಹೋಗಿ ತಡೆದೆ. ನನ್ನ ಲಿಂಗದ ಬಗ್ಗೆ ನನಗೆ ಗೊತ್ತಿದ್ದ ಆ ಒಂದು ಸಂಗತಿಯೂ ಅಲ್ಲಿ, ಆ ಮಣ್ಣಿನ ಕೆಳಗೆ ಕೂತಾಗ ತಿಳಿದದ್ದು. ವೈನಿ ಕಾಯ್ದರು. ಎಷ್ಟು ಹೊತ್ತು ಕಾಯ್ದರೆಂದರೆ ನನಗೇ ಅಳು ಬಂತು. ಗುಣಿ ತೆಗೆಯುವ ಮಾತು ಅಲ್ಲಿಗೆ ಮುಗಿಯಿತು.

ಈಗ ಅಣ್ಣನ ಲಿಂಗ ನನ್ನ ಕೊರಳಲ್ಲಿದೆ. ಅವನು ಏಳುತ್ತಿದ್ದ ಹೊತ್ತಿಗೇ ಎದ್ದು, ಮುಕ್ಕಾಲು ತಾಸು ಪೂಜೆಗೆ ಕೂಡುತ್ತೇನೆ. ಕೂತ ದಿನ ಕೈ ಬೆಚ್ಚಗಿರುತ್ತದೆ. ಒಮ್ಮೆ ಜ್ವರ ಬಂದು ತಪ್ಪಿಸಿದ್ದೆ. ಅವತ್ತು ಹೆಂಡತಿ ಬೆರಳು ಬಿಡಿಸಲು ಪಕ್ಕದ ಮನೆಯವರನ್ನು ಕರೆಯಬೇಕಾಯಿತು. ಪ್ರೆಸ್ಸಿನವನು ಬದಲಾಗಿದ್ದಾನೆ, ದೊಡ್ಡ ಸಾಧಕನಾಗಿದ್ದಾನೆ ಎಂದು ಬೆಟಗೇರಿಯಲ್ಲಿ ಜನ ಹೇಳುತ್ತಾರೆ. ಕೆಲವರು ಕಾಲಿಗೂ ಬೀಳಲು ಬರುತ್ತಾರೆ. ಅವರಿಗೆ ಏನೆಂದು ಹೇಳಲಿ? ಇದರಲ್ಲಿ ಭಕ್ತಿ ಎಷ್ಟಿದೆ ಎಂದು ನನಗೆ ಗೊತ್ತಿಲ್ಲ, ಅಂಜಿಕೆ ಎಷ್ಟಿದೆ ಎಂದು ಗೊತ್ತಿದೆ. ಗೋಷ್ಠಿಗೆ ಹೋಗುವುದನ್ನು ಬಿಟ್ಟಿದ್ದೇನೆ. ಕ್ಯಾಲೆಂಡರಿನ ಹಾಳೆಯ ಕೆಳಗೆ ಈಗ ಪಂಚಾಂಗ ಮಾತ್ರ ಅಚ್ಚು ಹಾಕುತ್ತೇನೆ.

ಈಚೆಗೆ ವೈನಿಗೆ ಮೈಯಲ್ಲಿ ಹುಷಾರಿಲ್ಲ. ನೋಡಲು ಹೋದಾಗ ಒಂದು ಮಾತು ಹೇಳಿದರು. "ನಾ ಹೋದ್ರ ಇದು ಗೊತ್ತಿದ್ದಾವ್ರು ಯಾರೂ ಉಳಿಯೂದಿಲ್ಲ. ನಿಮ್ಮ ಕಾಲಕ್ಕ ಕೈಯಾಗ ಯಾವದು ಇಡಬೇಕು, ಮಕ್ಕಳಿಗೆ ಈಗ ಹೇಳಿಡ್ರಿ. ಕುಂತ ಮ್ಯಾಲ ನಿಮ್ಮನ್ನ ಕೇಳಾಕ ಬರೂದಿಲ್ಲ."

ಇನ್ನೂ ಹೇಳಿಲ್ಲ. ಊಟಕ್ಕೆ ಕೂತಾಗ ಎರಡು ಮೂರು ಸಲ ಬಾಯಿ ತೆರೆದಿದ್ದೇನೆ. ಆದರೆ ನನ್ನ ಮಗಳು ಜಾಣೆ, ಪೂರ್ತಿ ಕೇಳಿದ ಮೇಲೆ ಅವಳು ಕೇಳುವ ಮೊದಲ ಪ್ರಶ್ನೆ ಯಾವುದೆಂದು ನನಗೆ ಗೊತ್ತಿದೆ. ಹಂಗಾದ್ರ ದೊಡ್ಡಪ್ಪ ಅಲ್ಲಿ ಕೈಯಾಗ ಹಿಡಕೊಂಡ ಕುಂತಿರೂದು ಯಾರನ್ನ, ಎಂದು ಕೇಳುತ್ತಾಳೆ. ನಾನು ಇನ್ನೊಂದು ರೊಟ್ಟಿ ಕೇಳಿ ಊಟ ಮುಗಿಸುತ್ತೇನೆ.